ಮೂವತ್ತೈದು ಮೀಟರ್ ಕೆಳಗೆ

ಕರ್ನಾಟಕದ ಅತಿ ಎತ್ತರದ ಜಾಗ ಯಾವುದು? ಮಗಳ ಶಾಲೆಯ ಪುಸ್ತಕದಲ್ಲಿ ಇದಕ್ಕೆ ಒಂದೇ ಪದದ ಉತ್ತರವಿದೆ: ಮುಳ್ಳಯ್ಯನಗಿರಿ. ಆ ಉತ್ತರದ ಮೇಲೆ ನಿಂತು ಬರಬೇಕೆಂಬ ಅವಳ ಹಟಕ್ಕೆ ಮನೆಮಂದಿಯೆಲ್ಲ ಕಾರು ಹತ್ತಿದೆವು. ಅಮ್ಮಿಯ ಲೆಕ್ಕ ಮಾತ್ರ ಬೇರೆ. ಚಿಕ್ಕಂದಿನಲ್ಲಿ ತಮ್ಮ ಅಜ್ಜಿಯ ಜೊತೆ ಉರುಸಿಗೆ ಬಾಬಾಬುಡನ್‌ಗಿರಿ ಹತ್ತಿದ್ದ ಅವರಿಗೆ ಗಿರಿ ಎಂದರೆ ಅದೊಂದೇ.

ಚಿಕ್ಕಮಗಳೂರು ದಾಟಿ ಕೈಮರದಿಂದ ಮೇಲೇರುವಾಗ ಮಗಳು, ‘ಅಬ್ಬಾ, ಇದು ಮುಲ್ಲಾ ಸಾಹೇಬರ ಬೆಟ್ಟವಾ?’ ಎಂದಳು. ನಕ್ಕುಬಿಟ್ಟೆ. ಅಲ್ಲ, ಮುಳ್ಳಪ್ಪಸ್ವಾಮಿ ಎಂಬ ತಪಸ್ವಿಯ ಹೆಸರಿನದು, ಶಿಖರದಲ್ಲಿ ಅವರ ಗದ್ದುಗೆಯಿದೆ ಎಂದು ಹೇಳಿದೆ. ‘ಅಂದರೆ ನಮ್ಮದಲ್ಲ’ ಎಂದಳು. ಈ ಬಾರಿ ನಗು ಬರಲಿಲ್ಲ.

ಮೆಟ್ಟಿಲು ಹತ್ತಿ ಗದ್ದುಗೆಯ ಬಳಿ ನಿಂತಾಗ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಇದರ ಎತ್ತರ 1,930 ಮೀಟರ್. ಬಾಬಾಬುಡನ್‌ಗಿರಿಯದು 1,895. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಮೊದಲನೆಯದಕ್ಕೆ 6,317 ಅಡಿ, ಎರಡನೆಯದಕ್ಕೆ 6,214 ಅಡಿ ಕೊಡುತ್ತದೆ. ಯಾವುದು ಎತ್ತರ ಎಂಬುದು ಬ್ರಿಟಿಷರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಹಳಬರು ಚಂದ್ರದ್ರೋಣವೆಂದು ಕರೆದ ಈ ಇಡೀ ಸಾಲಿಗೆ ಅವರ ನಕಾಶೆಗಳಲ್ಲಿ ನಿಂತ ಹೆಸರು ಒಬ್ಬ ಫಕೀರನದು: ಬಾಬಾಬುಡನ್ ಬೆಟ್ಟಗಳು.

ಆ ಫಕೀರ 17ನೇ ಶತಮಾನದಲ್ಲಿ ಹಜ್ ಮುಗಿಸಿ ಬರುವಾಗ ಯೆಮನ್‌ನ ಮೋಖಾದಿಂದ ಏಳು ಕಾಫಿ ಬೀಜ ತಂದರೆಂಬ ಕಥೆ ಎಲ್ಲರಿಗೂ ಗೊತ್ತು. ಏಳು ಎಂಬ ಎಣಿಕೆ ಕಥೆಗಾರರ ಪ್ರೀತಿಯಿರಬೇಕು (ನಾನೂ ಅದೇ ಕಸುಬಿನವನು). ಆದರೆ 19ನೇ ಶತಮಾನದಲ್ಲಿ ಬ್ರಿಟಿಷ್ ತೋಟಗಾರರು ಬರುವ ಮೊದಲೇ ಇಲ್ಲಿ ಕಾಫಿ ಗಿಡವಿತ್ತು.

ಬೀಜದ ಕಥೆಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಒಂದು ಸರ್ಕಾರಿ ಕಾಗದ. ದಾದಾ ಹಯಾತ್ ಮೀರ್ ಖಲಂದರರ ಸ್ಥಾನವೆಂದು ಮುಸ್ಲಿಮರೂ, ದತ್ತಾತ್ರೇಯ ಪೀಠವೆಂದು ಹಿಂದೂಗಳೂ ನಡೆದುಕೊಳ್ಳುವ ಗುಹೆಗೆ ದಾಖಲೆಗಳಲ್ಲಿರುವ ಹೆಸರೇ ‘ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ’. 1975ರಲ್ಲಿ ಇದನ್ನು ಮುಜರಾಯಿಯಿಂದ ವಕ್ಫ್ ಮಂಡಳಿಗೆ ಕೊಟ್ಟಾಗ ವ್ಯಾಜ್ಯ ಹುಟ್ಟಿತು. 1980ರಲ್ಲಿ ಜಿಲ್ಲಾ ನ್ಯಾಯಾಲಯ ಅದು ವಕ್ಫ್ ಆಸ್ತಿಯಲ್ಲ, ಮುಜರಾಯಿಗೆ ಸೇರಿದ್ದು ಎಂದಿತು. 1989ರಲ್ಲಿ ಧಾರ್ಮಿಕ ದತ್ತಿ ಆಯುಕ್ತರು, 1975ರ ಜೂನ್‌ಗೆ ಮುಂಚೆ ಅಲ್ಲಿ ಏನೇನು ನಡೆಯುತ್ತಿತ್ತೆಂದು ಪಟ್ಟಿ ಮಾಡಿದರು. ಪಾದುಕೆಗೆ ಹೂವು, ನಂದಾದೀಪ, ಬಂದವರಿಗೆ ತೀರ್ಥ. ಇವನ್ನು ನಡೆಸುತ್ತಿದ್ದವರು ದರ್ಗಾದ ಸಜ್ಜಾದೆ ನಶೀನರಾದ ಶಾಖಾದ್ರಿ! ಉರ್ದು ಶಾಲೆಯಲ್ಲಿ ತಬರ್ರುಕ್ ಎಂದು ಕಲಿತದ್ದನ್ನೇ ನಾನು ಕನ್ನಡ ಶಾಲೆಯಲ್ಲಿ ಪ್ರಸಾದ ಎಂದು ಕಲಿತೆ. ಗುಹೆಗೆ ಬರುತ್ತಿದ್ದವರಿಗೆ ಎರಡೂ ಗೊತ್ತಿದ್ದವು.

ಆಮೇಲಿನದು ಆದೇಶಗಳ ಚರಿತ್ರೆ. ಮುಜಾವರರೇ ಇವನ್ನು ಮಾಡಬೇಕೆಂಬ 2018ರ ಸರ್ಕಾರಿ ಆದೇಶವನ್ನು 2021ರಲ್ಲಿ ಹೈಕೋರ್ಟ್ ರದ್ದುಪಡಿಸಿತು. 2022ರಲ್ಲಿ ಸರ್ಕಾರ ಮುಜಾವರರನ್ನೂ ಅರ್ಚಕರನ್ನೂ ನೇಮಿಸಿತು. ಒಬ್ಬರ ಕೈಯಲ್ಲಿದ್ದ ಹೂವು ಮತ್ತು ತೀರ್ಥಕ್ಕೆ ಈಗ ಇಬ್ಬರು ಬೇಕಾದರು. ಇದನ್ನು ನ್ಯಾಯವೆನ್ನುವವರಿದ್ದಾರೆ. ನನಗೆ ಇದು ಭಾಗ ಮಾಡಿಕೊಂಡ ಮನೆಯಂತೆ ಕಾಣುತ್ತದೆ.

ಗುಹೆಯ ಹತ್ತಿರ ಪೊಲೀಸರು ನಿಂತಿದ್ದರು. ‘ಆಗ ಇವರು ಇರಲಿಲ್ಲ’ ಎಂದರು ಅಮ್ಮಿ. ಒಳಗೆ ಕಣ್ಣು ಮುಚ್ಚಿ ಫಾತಿಹಾ ಓದಿಕೊಂಡರು. ಪಕ್ಕದಲ್ಲಿ ಕುಂಕುಮವಿಟ್ಟ ಅವರದೇ ವಯಸ್ಸಿನ ಹೆಂಗಸೊಬ್ಬರು ಕೈಮುಗಿದು ನಿಂತಿದ್ದರು. ಹೊರಗೆ ಬರುವಾಗ ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು ಮೆಟ್ಟಿಲು ಹತ್ತಿದರು, ಮಂಡಿನೋವಿನ ಔಷಧಿಯ ವಿಷಯ ಮಾತಾಡುತ್ತ.

ಇಳಿಯುವ ದಾರಿಯಲ್ಲಿ ಮಗಳು ಎರಡು ಎತ್ತರಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಳೆದಳು.

‘ಬರೀ ಮೂವತ್ತೈದು ಮೀಟರ್, ದಾದಿಮಾ.’

‘ಇರಬಹುದು, ನನಗೆ ಆ ಹೆಂಗಸಿನ ಊರು ಕೇಳುವುದೇ ಮರೆತುಹೋಯಿತು ನೋಡು’ ಎಂದರು ಅಮ್ಮಿ.