ಸಂದೇಶ ಮತ್ತು ಸಮನ್ವಯ: ಜಾಲಸೇವೆಗಳ ನಡುವಣ ವ್ಯವಹಾರ ಪ್ರಕ್ರಿಯೆಯ ಇತಿಹಾಸದ ಕೆಲವು ನೆಲೆಗಳು

ದೂರದಲ್ಲಿರುವ ಇಬ್ಬರು ವ್ಯಾಪಾರಸ್ಥರ ನಡುವೆ ಹಲವು ಹಂತಗಳಲ್ಲಿ ನಡೆಯಬೇಕಾದ ಕಾರ್ಯವೊಂದನ್ನು ಸಂದೇಶಗಳ ಮೂಲಕವಷ್ಟೇ ನಡೆಸಿಕೊಂಡು ಹೋಗುವುದು ಹೇಗೆ ಎಂಬ ಪ್ರಶ್ನೆಯು ಕಂಪ್ಯೂಟರಿಗಿಂತ ಬಹಳ ಹಳೆಯದು. ಭಾರತದ ಪೇಟೆಗಳಲ್ಲಿ ಶತಮಾನಗಳ ಕಾಲ ಚಲಾವಣೆಯಲ್ಲಿದ್ದ ಹುಂಡಿಯನ್ನು ಸಾಮಾನ್ಯವಾಗಿ ಹಣ ವರ್ಗಾವಣೆಯ ಪತ್ರವೆಂದಷ್ಟೇ ಗುರುತಿಸಲಾಗುತ್ತದೆ. ಆದರೆ ಅದರ ಒಕ್ಕಣೆಯಲ್ಲಿ ಇಡೀ ವ್ಯವಹಾರದ ನಡೆಯೇ ಅಡಕವಾಗಿತ್ತು. ಕಂಡೊಡನೆ ಸಲ್ಲಿಸಬೇಕಾದುದು ದರ್ಶನಿ ಹುಂಡಿ. ಗೊತ್ತಾದ ಅವಧಿ ಕಳೆದ ಮೇಲೆ ಸಲ್ಲಿಸಬೇಕಾದುದು ಮುದ್ದತಿ ಹುಂಡಿ. ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಸಲ್ಲಬೇಕಾದುದು ಜೋಖಮಿ ಹುಂಡಿ. ಮೂಲಪತ್ರ ಕಳೆದುಹೋದರೆ ಎರಡನೆಯ ಪ್ರತಿ, ಅದೂ ಕಳೆದರೆ ಮೂರನೆಯದು ಎಂಬ ಏರ್ಪಾಡಿತ್ತು. ಹಣ ಕೊಡಬೇಕಾದವನು ನಿರಾಕರಿಸಿದರೆ ಅದೇ ಊರಿನ ಮತ್ತೊಬ್ಬ ಸಾಹುಕಾರನು ಹುಂಡಿಯ ಮಾನ ಉಳಿಸಬೇಕೆಂದು ಕೋರುವ ‘ಜಿಕ್ರಿ ಚೀಟಿ’ಯೂ ಬಳಕೆಯಲ್ಲಿತ್ತು. ಅಂದರೆ ಕೆಲಸ ಕೆಟ್ಟಾಗ ಮಾಡಬೇಕಾದುದೇನು ಎಂಬುದೂ ಪತ್ರದೊಡನೆಯೇ ಪ್ರಯಾಣ ಮಾಡುತ್ತಿತ್ತು. 1881ರ ವರ್ಗಾವಣೀಯ ಲೇಖಪತ್ರಗಳ ಅಧಿನಿಯಮವು ದೇಶಭಾಷೆಯ ಪತ್ರಗಳ ವಿಷಯದಲ್ಲಿ ಸ್ಥಳೀಯ ರೂಢಿಯನ್ನು ಹಾಗೆಯೇ ಉಳಿಸಿತೆಂಬುದು ಗಮನಾರ್ಹವಾದುದು.

ಜಾಲಸೇವೆ ಅಥವಾ ವೆಬ್ ಸರ್ವಿಸ್ ಎಂದು 2000ದ ಸುಮಾರಿಗೆ ಹೆಸರಾದ ತಂತ್ರವು ಒಂದು ಸಂಸ್ಥೆಯ ಗಣಕವು ಮತ್ತೊಂದು ಸಂಸ್ಥೆಯ ಗಣಕದಿಂದ ಅಂತರಜಾಲದ ಮೂಲಕ ಕೆಲಸ ಮಾಡಿಸಿಕೊಳ್ಳುವ ಬಗೆಯಾಗಿದೆ. ಇದರ ಇತಿಹಾಸವನ್ನು ಬಹುಪಾಲು ಬರೆಹಗಳು ಸಂದೇಶದ ರೂಪ ಮತ್ತು ಸಾಗಣೆಯ ಇತಿಹಾಸವಾಗಿ ನಿರೂಪಿಸುತ್ತವೆ. ವಾಸ್ತವವಾಗಿ ಸಾಗಣೆಯ ಸಮಸ್ಯೆ ಮತ್ತೆ ಮತ್ತೆ ಬಗೆಹರಿದಿದೆ. ಬಗೆಹರಿಯದೆ ಉಳಿದುಕೊಂಡು ಬಂದ ಪ್ರಶ್ನೆಗಳು ಬೇರೆ: ಈ ಸಂದೇಶವು ಯಾವ ವ್ಯವಹಾರಕ್ಕೆ ಸೇರಿದ್ದು, ಅದು ಯಾರ ಮೇಲೆ ಯಾವ ಹೊಣೆಯನ್ನು ಹೊರಿಸುತ್ತದೆ, ನಡುವೆ ಮುರಿದುಬಿದ್ದ ವ್ಯವಹಾರವನ್ನು ಯಾರು ಸರಿಪಡಿಸಬೇಕು, ಮತ್ತು ಈ ಅರಿವು ಸಂದೇಶದಲ್ಲಿರಬೇಕೋ ಅಥವಾ ಯಾವುದಾದರೊಂದು ಪಕ್ಷದ ಯಂತ್ರದಲ್ಲಿರಬೇಕೋ ಎಂಬುವು.

ವಿದ್ಯುನ್ಮಾನ ದತ್ತ ವಿನಿಮಯದ ಮೂಲವನ್ನು ವಿದ್ವಾಂಸರು 1948–49ರ ಬರ್ಲಿನ್ ವಿಮಾನ ಸರಬರಾಜಿನಲ್ಲಿ ಗುರುತಿಸುತ್ತಾರೆ. ದಿಗ್ಬಂಧನಕ್ಕೊಳಗಾದ ನಗರಕ್ಕೆ ಆಹಾರ, ಕಲ್ಲಿದ್ದಲನ್ನು ಸಾಗಿಸುವಾಗ ಹಲವು ಭಾಷೆಗಳ, ಹಲವು ನಮೂನೆಗಳ ಸರಕುಪಟ್ಟಿಗಳಿಂದ ಉಂಟಾದ ಗೊಂದಲವನ್ನು ನಿವಾರಿಸಲು ಅಮೆರಿಕದ ಸೇನೆಯ ಎಡ್ವರ್ಡ್ ಗಿಲ್ಬರ್ಟ್, ಟೆಲೆಕ್ಸ್ ಹಾಗೂ ದೂರವಾಣಿಯಲ್ಲಿ ಕಳುಹಿಸಬಹುದಾದ ಏಕರೂಪದ ಪಟ್ಟಿಯೊಂದನ್ನು ರೂಪಿಸಿದನು. 1968ರಲ್ಲಿ ಅಮೆರಿಕದ ಸಾರಿಗೆ ಉದ್ಯಮದವರು ಇದಕ್ಕಾಗಿ ಸಮನ್ವಯ ಸಮಿತಿಯೊಂದನ್ನು ಸ್ಥಾಪಿಸಿದರು. 1979ರಲ್ಲಿ ಎಕ್ಸ್12 ಸಮಿತಿ ರಚನೆಯಾಯಿತು. ವಿಶ್ವಸಂಸ್ಥೆಯ ಆಶ್ರಯದ ಎಡಿಫ್ಯಾಕ್ಟ್ ಮಾನಕವು 1980ರ ದಶಕದ ಕೊನೆಯಲ್ಲಿ ಅಂತಾರಾಷ್ಟ್ರೀಯ ಮನ್ನಣೆ ಪಡೆಯಿತು.

ಎಕ್ಸ್12ರಲ್ಲಿ ಖರೀದಿ ಆದೇಶಕ್ಕೆ 850, ಅದರ ಉತ್ತರಕ್ಕೆ 855, ಸರಕು ರವಾನೆಯ ಮುನ್ಸೂಚನೆಗೆ 856, ಬಿಲ್ಲಿಗೆ 810 ಎಂಬ ಸಂಖ್ಯೆಗಳಿವೆ. ಇವುಗಳ ನಡುವೆ 997 ಎಂಬ ಇನ್ನೊಂದು ಸಂದೇಶವಿದೆ. ಇದು ಸ್ವೀಕೃತಿಪತ್ರ. ಆದರೆ ಅದು ಹೇಳುವುದು ಆದೇಶವು ತಲುಪಿತು, ಅದರ ವಾಕ್ಯರಚನೆ ಸರಿಯಾಗಿದೆ ಎಂಬಷ್ಟನ್ನೇ. ಆದೇಶವನ್ನು ಒಪ್ಪಿಕೊಂಡಿದ್ದೇವೆ ಎಂದಲ್ಲ. ಒಪ್ಪಿಗೆಗೆ 855 ಬರಬೇಕು. ತಲುಪುವುದು ಬೇರೆ, ಒಪ್ಪುವುದು ಬೇರೆ ಎಂಬ ಈ ವಿವೇಚನೆಯೇ ಮುಂದಿನ ಎಲ್ಲ ಸಮನ್ವಯ ತಂತ್ರಗಳ ಬೀಜವೆಂದು ಪರಿಗಣಿಸಬೇಕಾಗುತ್ತದೆ. ಆದರೂ ಈ ಸಂದೇಶಗಳು ಯಾವ ಕ್ರಮದಲ್ಲಿ ಬರಬೇಕು, 855 ಬಾರದಿದ್ದರೆ ಏನು ಮಾಡಬೇಕು ಎಂಬುದು ಸಂದೇಶದ ಒಳಗೆ ಇರಲಿಲ್ಲ. ದೊಡ್ಡ ಖರೀದಿದಾರನು ಸರಬರಾಜುದಾರರಿಗೆ ಕೊಡುತ್ತಿದ್ದ ಕೈಪಿಡಿಯಲ್ಲಿ ಇರುತ್ತಿತ್ತು. ಖರೀದಿದಾರರು ಹೆಚ್ಚಿದಂತೆ ಕೈಪಿಡಿಗಳೂ ಹೆಚ್ಚಿದವು. ಸಂದೇಶ ಸಾಗಿಸುವ ಖಾಸಗಿ ಜಾಲಗಳು ಅಕ್ಷರಗಳ ಲೆಕ್ಕದಲ್ಲಿ ಶುಲ್ಕ ವಿಧಿಸುತ್ತಿದ್ದುದರಿಂದ ಸಣ್ಣ ಉತ್ಪಾದಕರಿಗೆ ಇದು ಇಮ್ಮಡಿ ಹೊರೆಯಾಯಿತು. ಮಾನಕವು ಎಲ್ಲರದಾಗಿದ್ದರೂ ಪ್ರಕ್ರಿಯೆಯು ಬಲಿಷ್ಠನದಾಗಿಯೇ ಉಳಿಯಿತು.

ಬ್ಯಾಂಕುಗಳ ದಾರಿ ಸ್ವಲ್ಪ ಭಿನ್ನವಾಗಿತ್ತು. 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಕೂಡಿ ಸ್ಥಾಪಿಸಿದ, 1977ರಲ್ಲಿ ಕಾರ್ಯಾರಂಭ ಮಾಡಿದ ಸ್ವಿಫ್ಟ್ ಸಂಸ್ಥೆಯು ಹಣವನ್ನು ಸಾಗಿಸುವುದಿಲ್ಲ, ಸಂದೇಶವನ್ನು ಮಾತ್ರ ಸಾಗಿಸುತ್ತದೆ. ಅದರ ಸಾಂಪ್ರದಾಯಿಕ ನಮೂನೆಗಳಲ್ಲಿ 20ನೆಯ ಅಂಕಣವು ಕಳುಹಿಸಿದವನ ಉಲ್ಲೇಖ ಸಂಖ್ಯೆ. 21ನೆಯದು ಸಂಬಂಧಿಸಿದ ಹಿಂದಿನ ಸಂದೇಶದ ಉಲ್ಲೇಖ. ಸರ್ಕಾರಿ ಕಚೇರಿಯ ಪತ್ರದಲ್ಲಿ ‘ಉಲ್ಲೇಖ’ ಎಂದು ಬರೆಯುವ ಸಾಲಿಗೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಆ ಒಂದು ಸಾಲಿಲ್ಲದಿದ್ದರೆ ಕಡತವೇ ಇಲ್ಲ ಎಂಬುದನ್ನು ಗುಮಾಸ್ತರು ಬಲ್ಲರು. ತಂತ್ರಜ್ಞರು ಅದನ್ನು ಮತ್ತೊಮ್ಮೆ ಕಂಡುಕೊಳ್ಳಬೇಕಾಯಿತು.

ಇದೇ ಅವಧಿಯಲ್ಲಿ ದತ್ತಸಂಚಯ ಶಾಸ್ತ್ರವು ಮತ್ತೊಂದು ದಿಕ್ಕಿನಿಂದ ಈ ಸಮಸ್ಯೆಯನ್ನು ಸಮೀಪಿಸಿತು. ಜಿಮ್ ಗ್ರೇ 1978ರಲ್ಲಿ ವಿವರಿಸಿದ ಎರಡು ಹಂತದ ಸಮ್ಮತಿ ವಿಧಾನದಲ್ಲಿ ನಿಯಂತ್ರಕನೊಬ್ಬನು ಎಲ್ಲ ಪಾಲುದಾರರನ್ನೂ ‘ಸಿದ್ಧರಿದ್ದೀರಾ’ ಎಂದು ಮೊದಲು ಕೇಳಿ, ಎಲ್ಲರೂ ಒಪ್ಪಿದ ಮೇಲೆ ಕಾರ್ಯವನ್ನು ಸ್ಥಿರಗೊಳಿಸುತ್ತಾನೆ. ಒಬ್ಬನು ಒಪ್ಪದಿದ್ದರೂ ಏನೂ ನಡೆಯಲೇ ಇಲ್ಲವೆಂಬ ಸ್ಥಿತಿಗೆ ಎಲ್ಲವೂ ಮರಳುತ್ತದೆ. ಒಂದೇ ಸಂಸ್ಥೆಯ ಒಳಗೆ ಇದು ಸೊಗಸಾದ ವಿಧಾನ. ಆದರೆ ಉತ್ತರ ಬರುವವರೆಗೂ ಪ್ರತಿಯೊಬ್ಬನೂ ತನ್ನ ಲೆಕ್ಕಕ್ಕೆ ಬೀಗ ಹಾಕಿಕೊಂಡು ಕಾಯಬೇಕು. ಉತ್ತರಕ್ಕೆ ಮೂರು ದಿನ ಹಿಡಿಯುವ ಖರೀದಿ ವ್ಯವಹಾರದಲ್ಲಿ ಪರಸಂಸ್ಥೆಯೊಂದು ತನ್ನ ದಾಸ್ತಾನಿಗೆ ಬೀಗ ಹಾಕಿಸಲು ಯಾವ ವ್ಯಾಪಾರಿಯೂ ಬಿಡುವುದಿಲ್ಲ. 1987ರಲ್ಲಿ ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ ‘ಸಾಗಾ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ದೀರ್ಘ ಕಾರ್ಯವನ್ನು ಸಣ್ಣ ಸಣ್ಣ ಕಾರ್ಯಗಳಾಗಿ ಒಡೆದು, ಪ್ರತಿಯೊಂದಕ್ಕೂ ಪ್ರತಿಯಾಗಿ ಒಂದು ಪರಿಹಾರ ಕಾರ್ಯವನ್ನು ಮೊದಲೇ ಗೊತ್ತುಮಾಡಿಡುವುದು ಇದರ ಸಾರ. ಆದುದನ್ನು ಆಗಿಲ್ಲವೆನ್ನುವುದು ರದ್ದತಿ. ಆದುದನ್ನು ಒಪ್ಪಿ ಅದಕ್ಕೆ ಎದುರಾದುದನ್ನು ಮಾಡುವುದು ಪರಿಹಾರ. ಕಾಯ್ದಿರಿಸಿದ ಟಿಕೆಟನ್ನು ರದ್ದುಮಾಡಿದಾಗ ಶುಲ್ಕ ಕಳೆದು ಉಳಿದ ಹಣ ಹಿಂದಿರುಗುವುದು ಎರಡನೆಯ ಬಗೆಯದು.

ಸಂದೇಶವು ಸುದ್ದಿಯಲ್ಲ, ಕ್ರಿಯೆ ಎಂಬ ಅರಿವು ಗಣಕಶಾಸ್ತ್ರಕ್ಕೆ ಬಂದುದು ಭಾಷಾತತ್ತ್ವದ ಮೂಲಕ. ಆಸ್ಟಿನ್ ಮತ್ತು ಸರ್ಲ್ ಅವರ ವಾಕ್‌ಕ್ರಿಯಾ ಸಿದ್ಧಾಂತವನ್ನು ಟೆರಿ ವಿನೋಗ್ರಾಡ್ ಹಾಗೂ ಫೆರ್ನಾಂಡೊ ಫ್ಲೋರೆಸ್ 1986ರ ತಮ್ಮ ಗ್ರಂಥದಲ್ಲಿ ಕಚೇರಿಯ ವ್ಯವಹಾರಕ್ಕೆ ಅನ್ವಯಿಸಿದರು. ಕೋರಿಕೆ, ವಾಗ್ದಾನ, ನಿವೇದನೆ, ಸ್ವೀಕಾರ ಎಂಬ ನಡೆಗಳ ಸರಣಿಯಾಗಿ ಸಂವಾದವನ್ನು ಅವರು ಕಂಡರು. ವಿಧಿವಾಕ್ಯವು ಕೇಳಿದವನನ್ನು ಕಾರ್ಯದಲ್ಲಿ ತೊಡಗಿಸುವ ಬಗೆಯನ್ನು ಕುರಿತು ಮೀಮಾಂಸಕರು ನಡೆಸಿದ ಚರ್ಚೆಯನ್ನು ಬಲ್ಲವರಿಗೆ ಈ ನೋಟ ಹೊಸದೆನಿಸಲಾರದು. ಚಿಲಿಯ ಅಲೆಂದೆ ಸರ್ಕಾರದಲ್ಲಿ ಸಚಿವನಾಗಿದ್ದ ಫ್ಲೋರೆಸ್, ಅದಕ್ಕೂ ಮುನ್ನ ಟೆಲೆಕ್ಸ್ ಜಾಲದ ಮೂಲಕ ಸರ್ಕಾರಿ ಉದ್ದಿಮೆಗಳನ್ನು ಸಮನ್ವಯಗೊಳಿಸುವ ಸೈಬರ್‌ಸಿನ್ ಯೋಜನೆಯಲ್ಲಿ ಪ್ರಮುಖನಾಗಿದ್ದನು. 1972ರ ಅಕ್ಟೋಬರಿನ ಲಾರಿ ಮುಷ್ಕರದ ದಿನಗಳಲ್ಲಿ ಲಭ್ಯ ವಾಹನಗಳನ್ನು ಹೊಂದಿಸಲು ನೆರವಾದುದು ಯೋಜನೆಯ ಗಣಕವಲ್ಲ, ಆ ಟೆಲೆಕ್ಸ್ ಸಂದೇಶಗಳು. 1990ರ ದಶಕದಲ್ಲಿ ಫಿಪಾ ಸಂಸ್ಥೆಯು ರೂಪಿಸಿದ ಸಂದೇಶ ಭಾಷೆಯು ಈ ಚಿಂತನೆಯನ್ನು ಅಂಕಣಗಳಾಗಿ ಇಳಿಸಿತು: ಇದು ಯಾವ ಬಗೆಯ ವಾಕ್‌ಕ್ರಿಯೆ, ಯಾವ ಸಂವಾದಕ್ಕೆ ಸೇರಿದ್ದು, ಯಾವುದಕ್ಕೆ ಉತ್ತರ, ಎಷ್ಟರೊಳಗೆ ಉತ್ತರ ಬೇಕು. ಜಾಣ ಸಂದೇಶವೆಂಬ ಮಾತಿಗೆ ನಿಜವಾದ ಅರ್ಥವಿದ್ದರೆ ಅದು ಇಲ್ಲಿದೆ.

ಆದರೆ ಉದ್ಯಮವು ಹಿಡಿದ ದಾರಿ ಬೇರೆಯಾಯಿತು. 1998ರ ಫೆಬ್ರುವರಿಯಲ್ಲಿ ಎಕ್ಸ್‌ಎಂಎಲ್, 2000ದ ಮೇ ತಿಂಗಳಲ್ಲಿ ಸೋಪ್ 1.1, 2001ರ ಮಾರ್ಚಿನಲ್ಲಿ ಸೇವೆಗಳನ್ನು ವರ್ಣಿಸುವ ಡಬ್ಲ್ಯೂಎಸ್‌ಡಿಎಲ್ ಹೊರಬಂದವು. ಸೇವೆಗಳ ಸಾರ್ವಜನಿಕ ಸೂಚಿಯಾಗಬೇಕಿದ್ದ ಯುಡಿಡಿಐ 2006ರಲ್ಲಿ ಮುಚ್ಚಿಹೋಯಿತು. ಅಪರಿಚಿತನೊಡನೆ ಸೂಚಿ ನೋಡಿ ವ್ಯವಹಾರ ಹೂಡುವ ವರ್ತಕನಿಲ್ಲ. ಸೋಪ್ ಸಂದೇಶದ ತಲೆಬರೆಹದಲ್ಲಿ ‘ಇದನ್ನು ಅರಿಯಲೇಬೇಕು’ ಎಂಬ ಗುರುತಿಗೆ ಅವಕಾಶವಿತ್ತು: ಆ ಭಾಗವನ್ನು ಅರಿಯದ ಯಂತ್ರವು ಸಂದೇಶವನ್ನು ತಿರಸ್ಕರಿಸಬೇಕು. ಅರ್ಥವಾಗದಿದ್ದರೂ ತಲೆಯಾಡಿಸುವುದನ್ನು ನಿಷೇಧಿಸಿದ ಈ ಪುಟ್ಟ ನಿಯಮಕ್ಕೆ ಸಲ್ಲಬೇಕಾದಷ್ಟು ಮಹತ್ತ್ವ ಸಂದಿಲ್ಲ.

2001ರಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಕ್ರಮವಾಗಿ ಡಬ್ಲ್ಯೂಎಸ್‌ಎಫ್‌ಎಲ್ ಹಾಗೂ ಎಕ್ಸ್‌ಲ್ಯಾಂಗ್ ಎಂಬ ಎರಡು ಪ್ರಕ್ರಿಯಾ ಭಾಷೆಗಳನ್ನು ಪ್ರಕಟಿಸಿದವು. ಮೊದಲನೆಯದು ಕಾರ್ಯಗಳನ್ನು ಬಾಣಗಳಿಂದ ಜೋಡಿಸುವ ನಕ್ಷೆಯ ಮಾದರಿಯದು. ಎರಡನೆಯದು ರಾಬಿನ್ ಮಿಲ್ನರ್ ಅವರ ಪೈ-ಕಲನದಿಂದ ಪ್ರೇರಿತವಾದುದು. 2002ರ ಆಗಸ್ಟಿನಲ್ಲಿ ಇವೆರಡನ್ನೂ ಬೆಸೆದು, ಬಿಇಎ ಸಂಸ್ಥೆಯನ್ನೂ ಸೇರಿಸಿಕೊಂಡು, ಬಿಪೆಲ್ ಎಂಬ ಭಾಷೆಯನ್ನು ಹೊರತರಲಾಯಿತು. ಒಯಾಸಿಸ್ ಸಂಸ್ಥೆಯಲ್ಲಿ ಸುದೀರ್ಘ ಚರ್ಚೆಗೊಳಗಾಗಿ ಅದರ 2.0 ಆವೃತ್ತಿಯು ಮಾನಕವಾದುದು 2007ರ ಏಪ್ರಿಲಿನಲ್ಲಿ. ಒಂದೇ ಭಾಷೆಯಲ್ಲಿ ಒಂದೇ ಮಾತನ್ನು ಹೇಳಲು ಎರಡೆರಡು ಬಗೆಗಳು ಉಳಿದುಕೊಂಡದ್ದು ಈ ರಾಜಿಯ ಗುರುತಾಗಿದೆ.

ಬಿಪೆಲ್‌ನ ಎರಡು ಅಂಶಗಳು ಇಲ್ಲಿ ಮುಖ್ಯವಾದವು. ಒಂದು, ಸಹಸಂಬಂಧ ಗಣ. ಒಂದೇ ಯಂತ್ರದಲ್ಲಿ ಸಾವಿರ ಖರೀದಿಗಳು ಏಕಕಾಲದಲ್ಲಿ ಕಾಯುತ್ತಿರುವಾಗ ಬಂದ ಉತ್ತರವು ಯಾವುದಕ್ಕೆ ಸೇರಿದ್ದೆಂದು ತಿಳಿಯಲು ಅದು ಕೃತಕ ಗುರುತನ್ನು ಬೇಡದೆ, ಸಂದೇಶದ ಒಡಲಿನಲ್ಲಿಯೇ ಇರುವ ಆದೇಶ ಸಂಖ್ಯೆ, ಗ್ರಾಹಕ ಸಂಖ್ಯೆಗಳನ್ನು ಬಳಸಿಕೊಂಡಿತು. ಮತ್ತೊಂದು, ಸಾಗಾ ಪರಂಪರೆಯ ಪರಿಹಾರ ನಿರ್ವಾಹಕ. ಪ್ರಕ್ರಿಯೆಯ ಪ್ರತಿ ಪರಿಧಿಗೂ ತನ್ನದೇ ಪರಿಹಾರ ಕ್ರಿಯೆಯನ್ನು ಲಗತ್ತಿಸಬಹುದಾಗಿತ್ತು. ಗ್ರೆಗರ್ ಹೋಪೆ 2004ರಲ್ಲಿ ಕಾಫಿ ಅಂಗಡಿಯೊಂದರ ನಿದರ್ಶನದಿಂದ ಈ ಎರಡೂ ತತ್ತ್ವಗಳನ್ನು ವಿವರಿಸಿದನು; ಬೆಂಗಳೂರಿನ ದರ್ಶಿನಿಗಳಲ್ಲಿ ಹಣ ಕೊಟ್ಟು ಚೀಟಿ ಪಡೆದು ಮತ್ತೊಂದೆಡೆ ದೋಸೆಗೆ ಕಾಯುವವರಿಗೆ ಆ ವಿವರಣೆ ಸಹಜವಾಗಿಯೇ ಹಿಡಿಸುತ್ತದೆ. ಇಷ್ಟೆಲ್ಲ ಇದ್ದ ಬಿಪೆಲ್ ಒಂದನ್ನು ಮರೆತಿತ್ತು: ಮನುಷ್ಯನನ್ನು. ಮಂಜೂರಾತಿಗಾಗಿ ಅಧಿಕಾರಿಯೊಬ್ಬನ ಮುಂದೆ ಕಾಯುವ ಹಂತಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ. ಆ ಕೊರತೆಯನ್ನು ತುಂಬುವ ಪ್ರಸ್ತಾವವನ್ನು ಐಬಿಎಂ ಮತ್ತು ಸ್ಯಾಪ್ 2005ರಲ್ಲಿ ಮುಂದಿಡಬೇಕಾಯಿತು.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಬೇರೊಂದಿದೆ. ಬಿಪೆಲ್ ಯಾವುದಾದರೊಂದು ಪಕ್ಷದ ಯಂತ್ರದಲ್ಲಿ ನಡೆಯುತ್ತದೆ. ಇಡೀ ವ್ಯವಹಾರವನ್ನು ಅದು ಆ ಪಕ್ಷದ ಕಣ್ಣಿನಿಂದ ನೋಡುತ್ತದೆ. ಯಕ್ಷಗಾನದ ಭಾಗವತನಂತೆ ಆಟವನ್ನು ಆಡಿಸುವವನು ಅವನೇ. ಇದಕ್ಕೆ ಪ್ರತಿಯಾಗಿ ಕೋಲಾಟದಂತೆ, ಪ್ರತಿಯೊಬ್ಬನೂ ತನ್ನ ಹೆಜ್ಜೆಯನ್ನೂ ಎದುರಿನವನ ಹೆಜ್ಜೆಯನ್ನೂ ಅರಿತು ನಡೆಯುವ ಮಾದರಿಯೊಂದನ್ನು ಡಬ್ಲ್ಯೂ3ಸಿ ಸಂಸ್ಥೆಯು ಡಬ್ಲ್ಯೂಎಸ್-ಸಿಡಿಎಲ್ ಎಂಬ ಹೆಸರಿನಲ್ಲಿ ರೂಪಿಸಿತು. 2005ರ ನವೆಂಬರಿನಲ್ಲಿ ಶಿಫಾರಸಿಗೆ ಅಭ್ಯರ್ಥಿಯಾಗಿ ಪ್ರಕಟವಾದ ಅದು ಅಂತಿಮ ಶಿಫಾರಸಿನ ಸ್ಥಾನಕ್ಕೆ ಏರಲೇ ಇಲ್ಲ. ಯಂತ್ರವನ್ನು ಮಾರಬಹುದು, ಒಪ್ಪಂದವನ್ನು ಮಾರಲಾಗದು. ಅದರ ಹಿನ್ನಡೆಗೆ ತಾತ್ತ್ವಿಕ ದೋಷಕ್ಕಿಂತ ಈ ವಾಣಿಜ್ಯ ಕಾರಣವೇ ಪ್ರಬಲವೆಂದು ತೋರುತ್ತದೆ. 2006ರ ಮೇ ತಿಂಗಳಲ್ಲಿ ಮಾನಕವಾದ ಡಬ್ಲ್ಯೂಎಸ್-ಅಡ್ರೆಸಿಂಗ್ ಮಾತ್ರ, ಪ್ರತಿ ಸಂದೇಶಕ್ಕೂ ಗುರುತು, ಸಂಬಂಧ, ಉತ್ತರ ಕಳುಹಿಸಬೇಕಾದ ವಿಳಾಸ ಎಂಬ ಅಂಕಣಗಳನ್ನು ನೀಡಿ, ಸ್ವಿಫ್ಟ್‌ನ 21ನೆಯ ಅಂಕಣವು ಮಾಡುತ್ತಿದ್ದ ಕೆಲಸವನ್ನು ಜಾಲಸೇವೆಗಳಿಗೂ ವಿಸ್ತರಿಸಿತು.

ಭಾರತದಲ್ಲಿ ಈ ಎರಡು ಮಾದರಿಗಳೂ ಇತ್ತೀಚೆಗೆ ಬೃಹತ್ ಪ್ರಮಾಣದಲ್ಲಿ ಕಾಣಿಸಿಕೊಂಡಿವೆ. 2016ರ ಏಪ್ರಿಲಿನಲ್ಲಿ ಆರಂಭವಾದ ಯುಪಿಐ ಮೊದಲ ಮಾದರಿಯದು. ರಾಷ್ಟ್ರೀಯ ಪಾವತಿ ನಿಗಮದ ಕೇಂದ್ರವು ಕೋರಿಕೆಯನ್ನು ಪಡೆದು, ಸ್ವೀಕರಿಸುವವನ ವಿವರ ಕೇಳಿ, ಒಂದು ಬ್ಯಾಂಕಿಗೆ ಖರ್ಚು ಹಾಕಲು, ಮತ್ತೊಂದಕ್ಕೆ ಜಮಾ ಮಾಡಲು ಸಂದೇಶಗಳನ್ನು ಕ್ರಮವಾಗಿ ಕಳುಹಿಸುತ್ತದೆ. ಖರ್ಚಾಗಿ ಜಮಾ ಆಗದೆ ಉಳಿದ ಹಣವೇ ಸಾಮಾನ್ಯ ಬಳಕೆದಾರನ ಆತಂಕ. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಅಂತಹ ವರ್ಗಾವಣೆಯು ಮರುದಿನದೊಳಗೆ ತಾನಾಗಿ ಹಿಂದಿರುಗಬೇಕೆಂದೂ, ತಡವಾದರೆ ದಿನವೊಂದಕ್ಕೆ 100 ರೂಪಾಯಿಯಂತೆ ಗ್ರಾಹಕನಿಗೆ ಪರಿಹಾರ ಸಲ್ಲಬೇಕೆಂದೂ ವಿಧಿಸಿತು. ಸಾಗಾ ಸಿದ್ಧಾಂತದ ಪರಿಹಾರ ಕ್ರಿಯೆಗೆ ಇಲ್ಲಿ ಗಡುವೂ ದಂಡವೂ ಸೇರಿಕೊಂಡವು. ತಂತ್ರವು ಬಿಟ್ಟ ಜಾಗವನ್ನು ಶಾಸನವು ತುಂಬಿತು.

ಎರಡನೆಯ ಮಾದರಿಯು ಬೆಂಗಳೂರಿನಲ್ಲಿ ರೂಪುಗೊಂಡ ಬೆಕ್ನ್ ಸಂದೇಶಸಂಹಿತೆಯದು. 2022ರ ಏಪ್ರಿಲಿನಲ್ಲಿ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಒಎನ್‌ಡಿಸಿ ವಾಣಿಜ್ಯ ಜಾಲವೂ, ಅದೇ ವರ್ಷ ನಗರದ ಆಟೋ ಚಾಲಕರ ನಡುವೆ ಕಾಣಿಸಿಕೊಂಡ ನಮ್ಮ ಯಾತ್ರಿ ಸೇವೆಯೂ ಇದನ್ನೇ ಆಧರಿಸಿದವು. ಇದರಲ್ಲಿ ಹುಡುಕು, ಆರಿಸು, ಸಿದ್ಧಪಡಿಸು, ದೃಢಪಡಿಸು ಎಂಬ ಪ್ರತಿ ಕೋರಿಕೆಗೂ ಮೊದಲು ‘ತಲುಪಿತು’ ಎಂಬ ಸ್ವೀಕೃತಿ ಬರುತ್ತದೆ. ನಿಜವಾದ ಉತ್ತರವು ಅನಂತರ ಬೇರೆ ಸಂದೇಶವಾಗಿ ಮರಳುತ್ತದೆ. 997 ಮತ್ತು 855ರ ಭೇದವೇ ಇದು. ಪ್ರತಿ ಸಂದೇಶವೂ ವ್ಯವಹಾರದ ಗುರುತು, ತನ್ನ ಗುರುತು, ಕಳುಹಿಸಿದವರ ಹಾಗೂ ಪಡೆಯುವವರ ಗುರುತು, ಉತ್ತರದ ಕಾಲಮಿತಿ ಇವುಗಳನ್ನು ಹೊತ್ತು ಸಾಗುತ್ತದೆ. ಹುಡುಕಾಟವನ್ನು ಹಲವರಿಗೆ ಹರಡಲು ದ್ವಾರವೊಂದಿದೆಯೇ ಹೊರತು ಇಡೀ ವ್ಯವಹಾರವನ್ನು ನಡೆಸುವ ಕೇಂದ್ರಯಂತ್ರವಿಲ್ಲ. ಕೊಳ್ಳುವವನ ಆ್ಯಪ್, ಮಾರುವವನ ಆ್ಯಪ್, ಸಾಗಿಸುವವನ ಆ್ಯಪ್ ಇವು ಬೇರೆ ಬೇರೆ ಸಂಸ್ಥೆಗಳವಾಗಿರಬಹುದಾದ್ದರಿಂದ ಒಡೆದ ಸರಕಿನ ಹೊಣೆ ಯಾರದೆಂಬ ಪ್ರಶ್ನೆ ಇಲ್ಲಿ ಹೆಚ್ಚು ತೀಕ್ಷ್ಣವಾಗುತ್ತದೆ. ಒಎನ್‌ಡಿಸಿಯು ದೂರನ್ನೇ ಒಂದು ಸಂದೇಶ ಪ್ರಕಾರವಾಗಿ ಸೇರಿಸಿತು: ದೂರು ಕೊಡುವ ಸಂದೇಶ, ಅದಕ್ಕೆ ಬರಬೇಕಾದ ಉತ್ತರ, ದೂರಿನ ಸ್ಥಿತಿ ಕೇಳುವ ಸಂದೇಶ. ಕೊಂಡವನು ತನ್ನ ಆ್ಯಪಿನಲ್ಲಿ ಬರೆದ ದೂರು ಆದೇಶದ ಗುರುತನ್ನು ಹೊತ್ತು ಮಾರಿದವನ ಯಂತ್ರವನ್ನು ತಲುಪುತ್ತದೆ.