ಸುರಪುರದ ಅರಮನೆಯಲ್ಲೊಂದು ಅಂಜಿಕೆ

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ನೋಡಿದವರು ನಮ್ಮಲ್ಲಿ ಅನೇಕರುಂಟು. ಮೆಡೋಸ್ ಟೇಲರ್ ಸಾಹೇಬರು 1841ರಲ್ಲಿ ಅಲ್ಲಿಗೆ ಬಂದಾಗ ರಾಜಾ ವೆಂಕಟಪ್ಪನಾಯಕರು ಇನ್ನೂ ಬಾಲಕರು. ಹುಡುಗನಿಗೆ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮರಣವೆಂದು ಜಾತಕ ನುಡಿದಿತ್ತಂತೆ. ತಾಯಿ ರಾಣಿ ಈಶ್ವರಮ್ಮನವರು ಅದನ್ನು ಬಲವಾಗಿ ನಂಬಿ ಒಡಲಲ್ಲಿಟ್ಟುಕೊಂಡಿದ್ದರೆಂದು ಟೇಲರರ ಆತ್ಮಕಥೆಯಿಂದ ತಿಳಿಯುತ್ತದೆ.

ಒಡಲಲ್ಲಿ ಎಂಬುದು ಬರಿಯ ಮಾತಿನ ಅಲಂಕಾರವಲ್ಲ. ಬೆದರಿದ ಬೆಕ್ಕಿನ ಜಠರದ ಚಲನೆಯೇ ನಿಂತುಹೋಗುವುದನ್ನು ಅಮೆರಿಕದ ವಾಲ್ಟರ್ ಕ್ಯಾನನ್ ಕಂಡರು. ಭಯ, ಕೋಪಗಳಲ್ಲಿ ದೇಹಕ್ಕೇನಾಗುತ್ತದೆಂಬುದನ್ನು ಕುರಿತು 1915ರಲ್ಲಿ ಗ್ರಂಥವನ್ನೇ ಬರೆದರು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕಿಳಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಆರುತ್ತದೆ, ರಕ್ತ ಹೊಟ್ಟೆಯನ್ನು ಬಿಟ್ಟು ಕೈಕಾಲಿನ ಸ್ನಾಯುಗಳತ್ತ ಹರಿಯುತ್ತದೆ. ಹೋರಾಡಲು, ಇಲ್ಲವೇ ಓಡಲು ಇದು ಸಿದ್ಧತೆ. ಅಟ್ಟಿದ ನಾಯಿ ಹೊರಟುಹೋದರೆ ಬೆಕ್ಕು ಸುಧಾರಿಸಿಕೊಳ್ಳುತ್ತದೆ. ಆದರೆ ಜಾತಕ ಎಲ್ಲಿಗೆ ಹೋದೀತು? ಅದರೊಡನೆ ಹೋರಾಡುವಂತಿಲ್ಲ, ಅದರಿಂದ ಓಡುವಂತಿಲ್ಲ. ಅಂಥ ಕಳವಳ ವರ್ಷಗಟ್ಟಲೆ ನಿಂತರೆ ಕಾರ್ಟಿಸಾಲ್ ಮೊದಲಾದ ಸ್ರಾವಗಳ ಲೆಕ್ಕ ತಪ್ಪುತ್ತದೆ, ನಿದ್ದೆ ಕೆಡುತ್ತದೆ, ರಕ್ತದ ಒತ್ತಡ ಏರಬಹುದು. ನಮ್ಮ ಚರಿತ್ರಕಾರರು ಕೋಟೆಕೊತ್ತಲಗಳನ್ನು ಎಣಿಸಿದಷ್ಟು ಆಸ್ಥೆಯಿಂದ ಇಂಥ ಇರುಳುಗಳನ್ನು ಎಣಿಸಿಲ್ಲ.

1858ರ ಫೆಬ್ರವರಿಯಲ್ಲಿ ಸುರಪುರ ಆಂಗ್ಲರ ಕೈಸೇರಿತು. ಸೆರೆಸಿಕ್ಕ ರಾಜರಿಗೆ ಮೊದಲು ಮರಣದಂಡನೆ. ಅದು ಇಳಿಯುತ್ತ ಇಳಿಯುತ್ತ ನಾಲ್ಕು ವರ್ಷದ ಬಂಧನಕ್ಕೆ ಬಂತು. ಇನ್ನು ಜೀವಕ್ಕೆ ಭಯವಿಲ್ಲವೆಂದಾಯಿತು. ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಅವರು ಪಿಸ್ತೂಲಿನ ಗುಂಡಿಗೆ ಮಡಿದರು. ಗುಂಡು ಅಕಸ್ಮಾತ್ತಾಗಿ ಹಾರಿತೆಂದು ಟೇಲರರ ಅಭಿಪ್ರಾಯ.