ವಲ್ಸಾಡಿನ ಬುಲ್ಸಾರಾ

ಅಹಮದಾಬಾದಿನಿಂದ ಮುಂಬೈ ಕಡೆಗೆ ಹೊರಟ ರೈಲು ಸೂರತ್, ನವಸಾರಿಗಳನ್ನು ದಾಟಿದ ಮೇಲೆ ವಲ್ಸಾಡ್ ಸಿಗುತ್ತದೆ. ನರೋಡಾದಲ್ಲಿರುವ ನಮಗೆ ಅದು ಸುಮಾರು 300 ಕಿಲೋಮೀಟರ್ ದೂರ. ರಜೆಗೆ ಊರಿಗೆ ಹೋಗುವ ಕನ್ನಡಿಗರು ಈ ಸ್ಟೇಷನ್ನನ್ನು ಎಷ್ಟೋ ಸಲ ದಾಟಿರುತ್ತೇವೆ. ನೆನಪಿಟ್ಟುಕೊಂಡಿದ್ದರೆ ಅದು ಅಲ್ಲಿನ ಆಫೂಸು ಮಾವಿಗಾಗಿ ಇರಬಹುದು. ಬ್ರಿಟಿಷರ ಕಾಲದಲ್ಲಿ ಈ ಊರಿನ ಹೆಸರು ಬುಲ್ಸಾರ್. 'ಕ್ವೀನ್' ತಂಡದ ಗಾಯಕ, ರಾಕ್ ಅಂಡ್ ರೋಲ್ ಲೋಕದ ದಂತಕಥೆ ಫ್ರೆಡ್ಡಿ ಮರ್ಕ್ಯುರಿಯ ಹುಟ್ಟುಹೆಸರು ಫಾರೂಖ್ ಬುಲ್ಸಾರಾ. ಬುಲ್ಸಾರಾ ಎಂದರೆ ಬುಲ್ಸಾರಿನವರು.

ಅವನ ಮೇಲೆ ಬಂದ ಸಾಕ್ಷ್ಯಚಿತ್ರಗಳಲ್ಲಿ ಎರಡು ಮುಖ್ಯವಾದವು. ರಿಸ್ ಥಾಮಸ್ 2012ರಲ್ಲಿ ಮಾಡಿದ 'ದಿ ಗ್ರೇಟ್ ಪ್ರಿಟೆಂಡರ್' ಕ್ವೀನ್ ಹೊರಗಿನ ಒಂಟಿ ಗಾಯಕನನ್ನು ಹಿಂಬಾಲಿಸುತ್ತದೆ. ಅದಕ್ಕಿಂತ ಮೊದಲು, 2000ದಲ್ಲಿ, ಆಸ್ಟ್ರಿಯಾದ ರೂಡಿ ಡೋಲೆಜಾಲ್ ಮತ್ತು ಹಾನೆಸ್ ರೋಸಾಕರ್ 'ದಿ ಅನ್‌ಟೋಲ್ಡ್ ಸ್ಟೋರಿ' ಮಾಡಿದರು. ಕ್ವೀನ್ ತಂಡಕ್ಕೆ ಮ್ಯೂಸಿಕ್ ವಿಡಿಯೋಗಳನ್ನು ಮಾಡಿಕೊಟ್ಟಿದ್ದ ಜೋಡಿ ಇದು. ಇದರಲ್ಲಿ ಅಮ್ಮ ಜೆರ್ ಮತ್ತು ತಂಗಿ ಕಾಶ್ಮೀರಾ ಕ್ಯಾಮೆರಾ ಮುಂದೆ ಮಾತಾಡುತ್ತಾರೆ. ಜಾಂಜಿಬಾರ್, ಪಂಚಗಣಿಗಳಿಗೂ ಜಾಗವಿದೆ. ನಾನು ಹೇಳಹೊರಟಿರುವುದು ಅದಕ್ಕೂ ಒಂದು ನಿಲ್ದಾಣ ಹಿಂದಿನ ಕಥೆ.

ಇರಾನಿನಿಂದ ಬಂದ ಪಾರ್ಸಿಗಳು ಮೊದಲು ನೆಲೆ ನಿಂತ ಸಂಜಾಣ ಇವತ್ತಿನ ವಲ್ಸಾಡ್ ಜಿಲ್ಲೆಯಲ್ಲೇ ಇದೆ. 1742ರಿಂದ ಅವರ ಪವಿತ್ರ ಅಗ್ನಿ 'ಇರಾನ್‌ಶಾ' ಉರಿಯುತ್ತಿರುವ ಉದ್ವಾಡಾ ಕೂಡ ಇದೇ ಜಿಲ್ಲೆಯದು. ಮನೆತನದ ಹೆಸರಿನ ಅಗತ್ಯ ಬಿದ್ದಾಗ ಕೆಲವರು ಕಸುಬನ್ನೇ ಇಟ್ಟುಕೊಂಡರು. ನಮ್ಮ ಕ್ರಿಕೆಟಿಗರಾದ ಫಾರೂಖ್ ಇಂಜಿನಿಯರ್, ನಾರಿ ಕಾಂಟ್ರಾಕ್ಟರ್ ನೆನಪಿರಬಹುದು. ಇನ್ನು ಕೆಲವರು ಊರನ್ನು ಹೊತ್ತರು: ಭರೂಚಿನವರು ಭರೂಚಾ, ಬಿಲಿಮೋರಾದವರು ಬಿಲಿಮೋರಿಯಾ. ಧಾರವಾಡ ಸೀಮೆಯ ನಮಗೆ ಇದು ಹೊಸತೇನಲ್ಲ. ಮಲ್ಲಿಕಾರ್ಜುನ ಮನ್ಸೂರರ ಹೆಸರಿನಲ್ಲೂ ಗಂಗೂಬಾಯಿ ಹಾನಗಲ್ಲರ ಹೆಸರಿನಲ್ಲೂ ಇರುವುದು ಊರೇ.

ಗುಜರಾತಿನ ಕರಾವಳಿಗೆ ಪೂರ್ವ ಆಫ್ರಿಕಾ ಹಳೆಯ ನೆಂಟ. ಹತ್ತೊಂಬತ್ತನೇ ಶತಮಾನದಲ್ಲಿ ಜಾಂಜಿಬಾರ್ ಬಂದರಿನ ಸುಂಕದ ಗುತ್ತಿಗೆ ಬಹುಕಾಲ ಕಚ್ಛಿನ ಭಾಟಿಯಾ ವರ್ತಕರ ಕೈಯಲ್ಲಿತ್ತು. 1890ರಲ್ಲಿ ದ್ವೀಪ ಬ್ರಿಟಿಷರ ರಕ್ಷಣೆಗೆ ಬಂದ ಮೇಲೆ ಕಚೇರಿಗಳು ಬೆಳೆದವು, ಲೆಕ್ಕ ಬಲ್ಲ ಗುಮಾಸ್ತರು ಬೇಕಾದರು. ಫ್ರೆಡ್ಡಿಯ ಅಪ್ಪ ಬೋಮಿ ಬುಲ್ಸಾರಾ ಅಲ್ಲಿನ ಹೈಕೋರ್ಟಿನಲ್ಲಿ ಕ್ಯಾಷಿಯರ್. 1946ರ ಸೆಪ್ಟೆಂಬರ್ 5ರಂದು ಮಗ ಹುಟ್ಟಿದ.

ಎಂಟನೇ ವಯಸ್ಸಿಗೆ ಅವನನ್ನು ಹಡಗು ಹತ್ತಿಸಿ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ ಕಳಿಸಿದರು. ಪಿಯಾನೋ ಕಲಿತದ್ದು ಅಲ್ಲೇ, ಗೆಳೆಯರ ಬಾಯಲ್ಲಿ 'ಫ್ರೆಡ್ಡಿ' ಆದದ್ದೂ ಅಲ್ಲೇ. ಹನ್ನೆರಡರ ಹೊತ್ತಿಗೆ ಐವರು ಹುಡುಗರು ಸೇರಿ 'ದಿ ಹೆಕ್ಟಿಕ್ಸ್' ತಂಡ ಕಟ್ಟಿ ಲಿಟಲ್ ರಿಚರ್ಡ್, ಕ್ಲಿಫ್ ರಿಚರ್ಡ್ ಹಾಡುಗಳನ್ನು ನುಡಿಸುತ್ತಿದ್ದರು. ಡ್ರಮ್ ಬಾರಿಸುತ್ತಿದ್ದ ವಿಕ್ಟರಿ ರಾಣಾ ಮುಂದೆ ನೇಪಾಳದ ಸೇನೆಯಲ್ಲಿ ಜನರಲ್ ಆದರು. ಅಂದರೆ ಈ ಗಾಯಕ ರಾಕ್ ಅಂಡ್ ರೋಲ್ ಕಲಿತದ್ದು ಸಾತಾರಾ ಜಿಲ್ಲೆಯ ಬೆಟ್ಟದ ಮೇಲೆ. ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೊಡವರ ಹುಡುಗ ಬಿದ್ದು ಅಪ್ಪಯ್ಯ ರೇಡಿಯೋ ಸಿಲೋನ್ ಕೇಳುತ್ತಾ ಬೆಳೆಯುತ್ತಿದ್ದ. ಅವನೂ ಲಂಡನ್ನಿಗೆ ಹೋಗಿ 1974ರಲ್ಲಿ 'ಕುಂಗ್ ಫೂ ಫೈಟಿಂಗ್' ಹಾಡನ್ನು ಜಗತ್ತಿಗೆಲ್ಲ ಕೇಳಿಸಿದ.

1964ರ ಜನವರಿ 12ರಂದು ಜಾಂಜಿಬಾರಿನಲ್ಲಿ ಕ್ರಾಂತಿಯಾಯಿತು. ಅರಬರೂ ಭಾರತೀಯರೂ ಸತ್ತರು, ಉಳಿದವರಲ್ಲಿ ಬಹಳ ಜನ ಓಡಿಹೋದರು. ಬುಲ್ಸಾರಾ ಕುಟುಂಬ ಲಂಡನ್ ಹತ್ತಿರದ ಫೆಲ್ಟಮ್ ಸೇರಿತು. ನಾಲ್ಕು ವರ್ಷಕ್ಕೆ, 1968ರಲ್ಲಿ, ಕೀನ್ಯಾದಿಂದ ಬರುತ್ತಿದ್ದ ಏಷ್ಯನ್ನರನ್ನು ತಡೆಯಲು ಬ್ರಿಟನ್ ತರಾತುರಿಯಲ್ಲಿ ಕಾನೂನು ತಂದಿತು. ಅವರ ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟೇ. ಅದೇ ಏಪ್ರಿಲ್‌ನಲ್ಲಿ ಎನೋಕ್ ಪೊವೆಲ್ ವಲಸಿಗರ ವಿರುದ್ಧದ ಕುಖ್ಯಾತ ಭಾಷಣ ಮಾಡಿದ. 1970ರಲ್ಲಿ ಕ್ವೀನ್ ಹುಟ್ಟಿತು, ಬುಲ್ಸಾರಾ ಮರ್ಕ್ಯುರಿ ಆದ. ಹೆಸರು ಬದಲಾದದ್ದು ಆ ಭಯದಿಂದಲೇ ಎಂದು ನಾನು ಹೇಳುತ್ತಿಲ್ಲ. ವೇದಿಕೆಗೆ ಹೊಳೆಯುವ ಹೆಸರು ಎಲ್ಲರಿಗೂ ಬೇಕು. ಆದರೆ ಅವತ್ತಿನ ಲಂಡನ್ನಿನ ಹವೆ ಮರೆತು ಆ ಬದಲಾವಣೆಯನ್ನು ತೂಗಬಾರದು.

'ಅವನು ಭಾರತೀಯತೆ ಮುಚ್ಚಿಟ್ಟ' ಎಂದು ಒಂದು ಗುಂಪು, 'ಅವನು ನಮ್ಮವನೇ' ಎಂದು ಇನ್ನೊಂದು ಗುಂಪು ಆಗಾಗ ಜಗಳ ತೆಗೆಯುತ್ತದೆ. ನನಗೆ ಆಗ ನೆನಪಾಗುವುದು ಕುಮಾರ ಗಂಧರ್ವರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಬಾಲ್ಯದಲ್ಲಿ ಸಿಕ್ಕ ಬಿರುದನ್ನೇ ಹೆಸರಾಗಿಸಿಕೊಂಡು ದೇವಾಸದಲ್ಲಿ ಬಾಳಿದರು. ಕನ್ನಡ ಮುಚ್ಚಿಟ್ಟರೆಂದು ಅವರನ್ನು ಯಾರೂ ದೂರಲಿಲ್ಲ. ಮನೆತನದ ಹೆಸರು ಅಳಿಯಲೂ ಇಲ್ಲ. ಮಾಳವದ ನಾಲಿಗೆಯಲ್ಲಿ ಕೋಮ್ಕಲಿ ಎಂದು ತುಸು ತಿರುಗಿ ಮಗಳು ಕಲಾಪಿನಿಯ ಹೆಸರಿನಲ್ಲಿ ವೇದಿಕೆಗೇ ವಾಪಸು ಬಂತು.

ಫ್ರೆಡ್ಡಿಯ ವಿಷಯದಲ್ಲೂ ವೇದಿಕೆ ಬಿಟ್ಟದ್ದನ್ನು ಮನೆ ಇಟ್ಟುಕೊಂಡಿತ್ತು. 1991ರ ನವೆಂಬರ್ 24ರಂದು ಏಡ್ಸ್ ಸಂಬಂಧಿ ನ್ಯುಮೋನಿಯಾದಿಂದ ಅವನು ತೀರಿಕೊಂಡ. ಮೂರು ದಿನಗಳ ನಂತರ ಪಶ್ಚಿಮ ಲಂಡನ್ನಿನ ಚಿತಾಗಾರದಲ್ಲಿ ಪಾರ್ಸಿ ಪುರೋಹಿತರು ಅಂತ್ಯವಿಧಿ ನಡೆಸಿದರು. 1985ರಲ್ಲಿ ವೆಂಬ್ಲಿಯ ಲೈವ್ ಏಡ್ ವೇದಿಕೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ಇಡೀ ಕ್ರೀಡಾಂಗಣವನ್ನು ಕುಣಿಸಿದವನನ್ನು ಕಳಿಸಿಕೊಟ್ಟದ್ದು ಸಂಜಾಣ, ಉದ್ವಾಡಾದವರು ಕಾಪಾಡಿಕೊಂಡು ಬಂದ ಅದೇ ಮಂತ್ರಗಳ ಭಾಷೆ.

ನರೋಡಾದ ಶಾಲೆಗಳ ಅರ್ಜಿಯಲ್ಲಿ 'ಸರ್‌ನೇಮ್' ಕಾಲಂ ತುಂಬಲೇಬೇಕು. ನಮ್ಮ ಇನಿಷಿಯಲ್ಲು ಅಲ್ಲಿ ನಡೆಯುವುದಿಲ್ಲ. ಹಾಗಾಗಿ ಒಂದಕ್ಷರವಾಗಿ ಮಡಚಿಟ್ಟಿದ್ದ ಊರುಗಳೆಲ್ಲ ಬಿಚ್ಚಿಕೊಳ್ಳುತ್ತಿವೆ. ತಾವು ನೋಡದ ಹಳ್ಳಿಯ ಹೆಸರು ಹೊತ್ತ ಮಕ್ಕಳು ಗುಜರಾತಿಯಲ್ಲಿ ಆಡುತ್ತಿದ್ದಾರೆ. ನಾಳೆ ಅವರು ಯಾವುದೋ ದೇಶದಲ್ಲಿ ಆ ಹೆಸರನ್ನು ಬಿಟ್ಟರೂ ಬಿಡಬಹುದು. ಊರಾದರೂ ಬುಲ್ಸಾರ್ ಎಂಬುದನ್ನು ಬಿಟ್ಟು ವಲ್ಸಾಡ್ ಆಯಿತಲ್ಲ. ಬಿಟ್ಟಾಗ ಸಿಟ್ಟಾಗುವ ಮೊದಲು, ಮನೆಯೊಳಗೆ ಅವರಿಗೆ ಏನು ಕೊಟ್ಟಿದ್ದೆವು ಎಂದು ನಾವೇ ಕೇಳಿಕೊಳ್ಳಬೇಕು. 'ದಿ ಅನ್‌ಟೋಲ್ಡ್ ಸ್ಟೋರಿ' ಸಿಕ್ಕರೆ ಮಕ್ಕಳ ಜೊತೆ ಕೂತು ನೋಡಿ. ಹಾಡು ಬಂದಾಗ ಅವರು ಕೇಳಲಿ, ಆ ತಾಯಿ ಮಾತಾಡುವಾಗ ನೀವು ಕೇಳಿ.